ಗುಂಪಿನ ಕಸೂತಿಗೆ ಯಾವ ದಾರ? ಆರೆಳೆ ಹತ್ತಿ, ಪರ್ಲ್ ಕಾಟನ್ ಮತ್ತು ರೇಷ್ಮೆಗಳ ವಿಮರ್ಶೆ

ಧಾರವಾಡದ ನಮ್ಮ ಕಸೂತಿ ಗುಂಪು ಈ ಬಾರಿ ಒಂದು ಉದ್ದನೆಯ ಗೋಡೆಪಟವನ್ನು ಕೈಗೆತ್ತಿಕೊಂಡಿತು. ತುಳಸಿ ಕಟ್ಟೆ, ಗೋಪುರ, ತೇರು, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು ಹೀಗೆ ಒಬ್ಬೊಬ್ಬರು ಒಂದೊಂದು ಚಿತ್ರವನ್ನು ಬೇರೆ ಬೇರೆ ತುಂಡು ಬಟ್ಟೆಯ ಮೇಲೆ ಹಾಕುವುದು, ಕೊನೆಗೆ ಎಲ್ಲ ತುಂಡುಗಳನ್ನೂ ಒಂದೇ ಸಾಲಿನಲ್ಲಿ ಜೋಡಿಸಿ ಹೊಲಿಯುವುದು ಎಂಬುದು ನಮ್ಮ ಯೋಜನೆಯಾಗಿತ್ತು. ಈ ಕೆಲಸಕ್ಕಾಗಿ ನಾವು ಬಳಸಿ ನೋಡಿದ ದಾರಗಳ ಗುಣದೋಷಗಳನ್ನು ಇಲ್ಲಿ ವಿವರಿಸಿದ್ದೇನೆ. ಒಬ್ಬರೇ ಕುಳಿತು ಹಾಕುವ ಕಸೂತಿಗೆ ಒಪ್ಪುವ ದಾರವೇ ಹಲವು ಕೈಗಳು ಸೇರಿ ಹಾಕುವ ಕಸೂತಿಗೂ ಒಪ್ಪಬೇಕೆಂದಿಲ್ಲ. ಅಂಗಡಿಗಳಲ್ಲಿ ಈ ಭೇದವನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಅದನ್ನೇ ಇಲ್ಲಿ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ.

ಮೊದಲ ದಿನ ನಾವೆಲ್ಲರೂ ಬಣ್ಣದ ಕಾರ್ಡುಗಳನ್ನು ಹರಡಿಕೊಂಡು ಕುಳಿತಾಗ, ಗುಂಪಿನಲ್ಲಿ ಹಿರಿಯರಾದ ಕಾಕೂ ಅವುಗಳನ್ನು ಬದಿಗೆ ಸರಿಸಿ, "ಬಣ್ಣ ಆಮ್ಯಾಲೆ ನೋಡೂಣಂತ, ಮೊದಲ ಯಾವ ಟಾಕಿ ಹಾಕತೀರಿ ಅನ್ನೋದು ಹೇಳ್ರಿ" ಎಂದರು. ಅವರ ಮಾತಿನ ಕ್ರಮವೇ ಸರಿಯಾದುದು. ಟಾಕಿ ಎಂದರೆ ಹೊಲಿಗೆ. ಎಳೆ ಎಣಿಸಿ ಹಾಕುವ ನಮ್ಮ ಉತ್ತರ ಕರ್ನಾಟಕದ ಕಸೂತಿಯಲ್ಲಿ ಇರುವುದು ನಾಲ್ಕೇ ಬಗೆಯ ಹೊಲಿಗೆ: ಗವಂತಿ, ಮುರ್ಗಿ, ನೇಗಿ ಮತ್ತು ಮೆಂತ್ಯೆ. ಈ ನಾಲ್ಕೂ ದಾರದಿಂದ ಬಯಸುವ ಗುಣಗಳು ಬೇರೆ ಬೇರೆ.

ಗವಂತಿಯಲ್ಲಿ ಸೂಜಿಯು ಒಂದು ಟಾಕಿ ಬಿಟ್ಟು ಒಂದು ಟಾಕಿ ಹಾಕುತ್ತಾ ಮುಂದಕ್ಕೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸಾಗಬೇಕು. ಮುಗಿದ ಮೇಲೆ ಬಟ್ಟೆಯ ಎರಡೂ ಮುಖಗಳು ಒಂದೇ ರೀತಿ ಕಾಣಬೇಕು. ಮುರ್ಗಿಯೂ ಇದೇ ನಡೆಯದು, ಆದರೆ ಮೆಟ್ಟಿಲು ಮೆಟ್ಟಿಲಾಗಿ ಓರೆಯಲ್ಲಿ ಏರುತ್ತದೆ. ಇವೆರಡಕ್ಕೂ ದುಂಡಗಿನ, ಗಟ್ಟಿ ಹುರಿಯ, ಸೀಳದ ದಾರ ಬೇಕು. ನೇಗಿಯಲ್ಲಿ ಉದ್ದ ಮತ್ತು ಗಿಡ್ಡ ಟಾಕಿಗಳು ಒಂದರ ಪಕ್ಕ ಒಂದು ಒತ್ತಾಗಿ ಕುಳಿತು ನೇಯ್ದಂತೆ ಕಾಣಬೇಕಾದ್ದರಿಂದ ಸ್ವಲ್ಪ ಹರಡಿಕೊಳ್ಳುವ ಮೃದುವಾದ ದಾರವೇ ಮೇಲು. ಗುಣಾಕಾರ ಚಿಹ್ನೆಯಂತೆ ಕಾಣುವ ಕತ್ತರಿ ಟಾಕಿಯಾದ ಮೆಂತ್ಯೆಗೂ ಅದೇ ಗುಣ ಬೇಕು, ಏಕೆಂದರೆ ಅದು ಬಯಲು ತುಂಬುವ ಹೊಲಿಗೆ.

ಬಟ್ಟೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಉದ್ದಕ್ಕೂ ಅಡ್ಡಕ್ಕೂ ಇಂಚಿಗೆ 28 ಎಳೆಗಳಿರುವ ಸಮನೇಯ್ಗೆಯ ಹತ್ತಿ ಬಟ್ಟೆಯನ್ನು ಆರಿಸಿ, ಎರಡೆರಡು ಎಳೆ ಎಣಿಸಿ, ಇಂಚಿಗೆ 14 ಟಾಕಿ ಬರುವಂತೆ ಹಾಕಿದೆವು. ಹೊಸದಾಗಿ ಕಲಿಯುವವರಿಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆ ಸಾಕಾಗುತ್ತದೆ. ಆದರೆ ಎಲ್ಲ ಮ್ಯಾಟಿಯ ಉದ್ದಡ್ಡ ಎಳೆಗಳು ಸಮನಾಗಿರುವುದಿಲ್ಲವಾದ್ದರಿಂದ, ಕೊಳ್ಳುವ ಮೊದಲು ಪಟ್ಟಿ ಇಟ್ಟು ಎರಡೂ ಕಡೆ ಒಂದೊಂದು ಇಂಚನ್ನು ಎಣಿಸಿ ನೋಡಬೇಕು. ಇಲ್ಲದಿದ್ದರೆ ಚೌಕವಾಗಬೇಕಾದ ತುಳಸಿ ಕಟ್ಟೆಯ ಪೀಠವು ಅಡ್ಡಕ್ಕೆ ಚಾಚಿಕೊಳ್ಳುತ್ತದೆ.

ಇನ್ನು ದಾರಗಳು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆರೆಳೆಯ ಹತ್ತಿ ದಾರ. ಆಂಕರ್ ಕಂಪನಿಯದಿರಲಿ, 1746ರಲ್ಲಿ ಇಂದಿನ ಫ್ರಾನ್ಸ್‌ನ ಮುಲ್‌ಹೌಸ್‌ನಲ್ಲಿ ಆರಂಭವಾದ ಡಿಎಂಸಿ ಕಂಪನಿಯದಿರಲಿ, ಒಂದು ಲಡಿಯಲ್ಲಿ 8 ಮೀಟರ್ ದಾರವಿರುತ್ತದೆ, ಅದನ್ನು ಬೇಕಾದಷ್ಟು ಎಳೆಗಳಾಗಿ ಬಿಡಿಸಿಕೊಳ್ಳಬಹುದು. ಎರಡೆಳೆಯಲ್ಲಿ ಹಾಕುವುದಾದರೆ ಒಂದು ಲಡಿಯಿಂದ 24 ಮೀಟರ್ ಕೆಲಸದ ದಾರ ಸಿಗುತ್ತದೆ. ಗವಂತಿಯ ಒಂದು ಇಂಚು ಗೆರೆಗೆ ಎರಡೂ ಮುಖ ಸೇರಿ ಸುಮಾರು ಎರಡು ಇಂಚು ದಾರ ಖರ್ಚಾಗುವುದರಿಂದ, ತುದಿಗಳಲ್ಲಿ ಪೋಲಾಗುವುದನ್ನು ಬಿಟ್ಟರೆ, ಒಂದು ಲಡಿಯಲ್ಲಿ ಹತ್ತು ಮೀಟರಿಗೂ ಮೇಲ್ಪಟ್ಟು ಗೆರೆ ಹಾಕಬಹುದು. ಅದೇ ಗೆರೆಯನ್ನು ಹಿಂಟಾಕಿಯಲ್ಲಿ, ಅಂದರೆ ಪ್ರತಿ ಟಾಕಿಗೂ ಸೂಜಿ ಹಿಂದಕ್ಕೆ ಬರುವ ಹೊಲಿಗೆಯಲ್ಲಿ, ಹಾಕಿದರೆ ಹಿಂಬದಿಯ ಉದ್ದ ಟಾಕಿಗಳಿಂದಾಗಿ ಇಂಚಿಗೆ ಮೂರು ಇಂಚು ದಾರ ಬೇಕಾಗುತ್ತದೆ, ಹಿಂಬದಿಯೂ ಒರಟಾಗುತ್ತದೆ. ನಮ್ಮ ಹಿಂದಿನವರು ಗವಂತಿಯನ್ನು ಎಷ್ಟು ಮಿತವ್ಯಯದಿಂದ ರೂಪಿಸಿದ್ದಾರೆಂಬುದು ಈ ಲೆಕ್ಕದಲ್ಲೇ ಕಾಣುತ್ತದೆ.

ಆರೆಳೆ ದಾರದ ದೊಡ್ಡ ಲಾಭವೆಂದರೆ ಬಣ್ಣಗಳ ವೈವಿಧ್ಯ. ಕಾರ್ಡಿನಲ್ಲಿ ಅಂಕಿಯಿಟ್ಟು ಗುರುತಿಸುವುದರಿಂದ ಗುಂಪಿನಲ್ಲಿ ಗೊಂದಲವೂ ಕಡಿಮೆ. ಡಿಎಂಸಿಯ 310 ಮತ್ತು ಆಂಕರಿನ 403 ಎರಡೂ ಕಪ್ಪು. ಆದರೆ ಎರಡು ಕಂಪನಿಗಳ ಹೊಂದಾಣಿಕೆಯ ಪಟ್ಟಿಯನ್ನು ನಂಬಿ ಒಂದೇ ಚಿತ್ರದಲ್ಲಿ ಎರಡನ್ನೂ ಬೆರೆಸುವುದು ಬೇಡ. ಕಪ್ಪು ಬಿಳುಪಿನಲ್ಲಿ ನಡೆದೀತು, ಕೆಂಪು ಹಸಿರಿನಲ್ಲಿ ಹಗಲು ಬೆಳಕಿನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಡಿಎಂಸಿ ನಮ್ಮಲ್ಲಿ ಆಂಕರ್‌ಗಿಂತ ಸಾಕಷ್ಟು ದುಬಾರಿ. ದೊಡ್ಡ ಗುಂಪಿನ ಕೆಲಸಕ್ಕೆ ಆಂಕರ್ ಸಾಕೆಂಬುದು ನನ್ನ ಅಭಿಪ್ರಾಯ.

ಒಬ್ಬರ ಕೆಲಸಕ್ಕೆ ಇಷ್ಟೆಲ್ಲ ಒಪ್ಪುವ ಈ ದಾರ ಗುಂಪಿನ ಕೆಲಸದಲ್ಲಿ ಒಂದು ತೊಡಕು ತರುತ್ತದೆ. ಎರಡೆಳೆಗಳು ಪಕ್ಕಪಕ್ಕದಲ್ಲಿ ಮಟ್ಟಸವಾಗಿ ಮಲಗಿದರೆ ಗೆರೆ ಅಗಲವಾಗಿ ತುಂಬಿಕೊಂಡು ಕಾಣುತ್ತದೆ. ಒಂದರ ಮೇಲೊಂದು ಸುತ್ತಿಕೊಂಡರೆ ತೆಳ್ಳಗಾಗುತ್ತದೆ. ಇದು ಸಂಪೂರ್ಣವಾಗಿ ಹಾಕುವವರ ಕೈಯನ್ನು ಅವಲಂಬಿಸಿದ ಸಂಗತಿ. ಕೆಲವರು ಸೂಜಿಯನ್ನು ಬೆರಳಲ್ಲಿ ತಿರುಗಿಸುತ್ತಾ ಹಾಕುತ್ತಾರೆ, ಕೆಲವರು ಬಿಗಿಯಾಗಿ ಎಳೆಯುತ್ತಾರೆ, ಕೆಲವರ ಕೈ ಹಗುರ. ನಮ್ಮ ಮೊದಲ ಮಾದರಿ ತುಂಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟಾಗ, ಒಂದೇ ಬಟ್ಟೆ, ಒಂದೇ ಅಂಕಿಯ ಕೆಂಪು, ಒಂದೇ ಎರಡೆಳೆ ಆಗಿದ್ದರೂ, ಗೋಪುರದ ಗೆರೆಗಳು ದಪ್ಪವಾಗಿಯೂ ತೇರಿನ ಗೆರೆಗಳು ಸಣಕಲಾಗಿಯೂ ಕಂಡವು. ಎಳೆಗಳನ್ನು ಒಂದೊಂದಾಗಿ ಲಡಿಯಿಂದ ಎಳೆದು ಬೇರ್ಪಡಿಸಿ ಮತ್ತೆ ಜೋಡಿಸಿಕೊಂಡರೆ, ನಡುನಡುವೆ ಸೂಜಿಯನ್ನು ಕೆಳಗೆ ತೂಗಬಿಟ್ಟು ಹುರಿ ಬಿಚ್ಚಿಕೊಳ್ಳಲು ಬಿಟ್ಟರೆ, ಈ ವ್ಯತ್ಯಾಸ ಬಹಳ ಮಟ್ಟಿಗೆ ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ.

ಈ ಕಾರಣದಿಂದಲೇ ನಾವು ಪರ್ಲ್ ಕಾಟನ್ ಕಡೆಗೆ ತಿರುಗಿದೆವು, ಮತ್ತು ಗುಂಪಿನ ಗವಂತಿ ಹಾಗೂ ಮುರ್ಗಿ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರವನ್ನು ನಾನು ಕಂಡಿಲ್ಲ. ಇದು ಬಿಗಿಯಾಗಿ ಹುರಿಗೊಳಿಸಿದ ಎರಡೆಳೆಯ ದಾರ, ಬಿಡಿಸಿಕೊಳ್ಳುವಂಥದ್ದಲ್ಲ. ಯಾರ ಕೈಯಲ್ಲಿ ಹಾಕಿದರೂ ಗೆರೆಯ ದಪ್ಪ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಅಂಕಿ ಹೆಚ್ಚಿದಷ್ಟೂ ದಾರ ಸಣ್ಣ: 5ನೆಯ ಅಂಕಿ ದಪ್ಪ, 8 ಮಧ್ಯಮ, 12 ಸಣ್ಣದು. ನಮ್ಮ ಬಟ್ಟೆಗೆ 8 ತುಸು ಭಾರವಾಯಿತು. ಗೋಪುರದ ಕಿಟಕಿಗಳಂಥ ಇಕ್ಕಟ್ಟಿನ ಜಾಗಗಳು ಮುಚ್ಚಿಕೊಂಡವು. 12 ಅಳತೆಗೆ ತಕ್ಕಂತೆ ಕುಳಿತಿತು. ಇಂಚಿಗೆ ಹತ್ತು ಹನ್ನೊಂದು ಟಾಕಿ ಬರುವ ಒರಟು ಮ್ಯಾಟಿಯಾದರೆ 8ನ್ನೇ ತೆಗೆದುಕೊಳ್ಳಬೇಕು. ಡಿಎಂಸಿಯ 10 ಗ್ರಾಂ ಉಂಡೆಯಲ್ಲಿ 8ರ ದಾರ 80 ಮೀಟರ್, 12ರ ದಾರ 120 ಮೀಟರ್ ಇರುತ್ತದೆ. ಹೀಗಾಗಿ ಒಂದೇ ಉಂಡೆಯಿಂದ ಎಲ್ಲರಿಗೂ ಹಂಚಬಹುದು. ಬಣ್ಣ ಅದ್ದಿದ ಪಾಳಿ ಬದಲಾದರೆ ಛಾಯೆಯಲ್ಲಿ ಸೂಕ್ಷ್ಮ ವ್ಯತ್ಯಾಸ ಬರುವುದುಂಟು. ಒಂದೇ ಉಂಡೆಯಿಂದ ಹಂಚಿದಾಗ ಆ ಭಯವೂ ಇಲ್ಲ.

ಇದರ ಹೊಳಪಿಗೆ ಕಾರಣ, ನೂಲನ್ನು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸಂಸ್ಕರಿಸಿ, ಕುಗ್ಗದಂತೆ ಎಳೆದು ಹಿಡಿಯುವ ವಿಧಾನ. ಇದಕ್ಕೆ ಮೂಲವಾದ ಸಂಸ್ಕರಣೆಯನ್ನು 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಕಂಡುಕೊಂಡ. ಇದರಿಂದ ನೂಲು ಗಟ್ಟಿಯಾಗುತ್ತದೆ, ಬಣ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಆರೆಳೆ ದಾರಕ್ಕೂ ಇದೇ ಸಂಸ್ಕಾರವಿದ್ದರೂ, ಪರ್ಲ್ ದಾರದ ಹುರಿಯ ಏರಿಳಿತಗಳ ಮೇಲೆ ಬೆಳಕು ಬಿದ್ದಾಗ ಪ್ರತಿ ಟಾಕಿಯೂ ಬಿಡಿಬಿಡಿಯಾಗಿ, ಒಂದೊಂದು ಮಣಿಯಂತೆ ಕಾಣುತ್ತದೆ. ಎಣಿಕೆಯ ಮೇಲೆ ನಿಂತ ಕಸೂತಿಗೆ ಈ ಸ್ಪಷ್ಟತೆ ತುಂಬ ಶೋಭೆ ಕೊಡುತ್ತದೆ.

ಪರ್ಲ್ ದಾರದಲ್ಲಿ ಗವಂತಿ ಹಾಕುವಾಗ ಒಂದು ನಿಯಮವನ್ನು ಎಲ್ಲರೂ ಪಾಲಿಸಬೇಕು. ಹಿಂದಿರುಗುವ ದಾರಿಯಲ್ಲಿ, ಈಗಾಗಲೇ ದಾರವಿರುವ ರಂಧ್ರದಿಂದ ಸೂಜಿ ಮೇಲೆ ಬರುವಾಗ ಹಳೆಯ ಟಾಕಿಯ ಮೇಲ್ಬದಿಯಿಂದ ಬಂದು, ಇಳಿಯುವಾಗ ಮುಂದಿನ ಹಳೆಯ ಟಾಕಿಯ ಕೆಳಬದಿಯಲ್ಲಿ ಇಳಿಯಬೇಕು. ಮೊದಲಿನಿಂದ ಕೊನೆಯವರೆಗೆ ಇದೇ ಕ್ರಮವಿದ್ದರೆ ಗೆರೆ ಎಳೆದಿಟ್ಟಂತೆ ನೇರವಾಗಿರುತ್ತದೆ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಎಂದಾದರೆ ಗೆರೆ ನಡುಗಿದಂತೆ ಕಾಣುತ್ತದೆ. ಮೊಂಡು ಮೂತಿಯ 26ನೆಯ ಅಂಕಿಯ ಸೂಜಿ ಇದಕ್ಕೆ ತಕ್ಕದ್ದು, ಏಕೆಂದರೆ ಅದು ಹಳೆಯ ದಾರವನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಳ್ಳುತ್ತದೆ.

ಪರ್ಲ್ ದಾರದ ಕೊರತೆಗಳೂ ಇವೆ. ಆರೆಳೆ ದಾರದಲ್ಲಿ ಒಂದು ಎಳೆಯನ್ನು ಎರಡು ಮೊಳ ಕತ್ತರಿಸಿ, ಮಡಚಿ, ಕುಣಿಕೆಯಿಂದ ಆರಂಭಿಸಿದರೆ ತುದಿಯನ್ನು ಬಚ್ಚಿಡುವ ಶ್ರಮವೇ ಇರುವುದಿಲ್ಲ. ಪರ್ಲ್‌ನಲ್ಲಿ ಒಂಟಿ ದಾರವನ್ನೇ ಬಳಸುವುದರಿಂದ ಆ ಅನುಕೂಲವಿಲ್ಲ. ಆರಂಭದ ತುದಿಯನ್ನೂ ಕೊನೆಯ ತುದಿಯನ್ನೂ ಟಾಕಿಗಳ ಅಡಿಯಲ್ಲಿ ನುಸುಳಿಸಿ ಮುಚ್ಚಬೇಕು, ಮತ್ತು ಎರಡೂ ಮುಖ ಸಮನಾಗಿ ಕಾಣಬೇಕಾದ ಕೆಲಸದಲ್ಲಿ ಹಾಗೆ ಮುಚ್ಚಿದ ಜಾಗ ಕೊಂಚ ಉಬ್ಬಿದಂತೆ ತೋರುತ್ತದೆ. ಒಂದು ಮೊಳಕ್ಕಿಂತ ಉದ್ದ ದಾರ ತೆಗೆದುಕೊಂಡರೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಹೊಳಪು ಮಾಸುತ್ತದೆ. 12ನೆಯ ಅಂಕಿಯಲ್ಲಿ ಬಣ್ಣಗಳೂ ಕಡಿಮೆ, ಊರಿನ ಅಂಗಡಿಗಳಲ್ಲಿ ಸಿಗುವುದೂ ಅಪರೂಪ, ನಾವು ತರಿಸಿಕೊಳ್ಳಬೇಕಾಯಿತು. ಕಸೂತಿಯ ರೂಢಿಯ ಬಣ್ಣಗಳಾದ ಕೆಂಪು, ಕಿತ್ತಳೆ, ಹಸಿರು, ನೇರಳೆ, ಬಿಳಿಗಳಷ್ಟೇ ಸಾಕೆನ್ನುವವರಿಗೆ ಇದು ದೊಡ್ಡ ಅಡಚಣೆಯಲ್ಲ.

ಆನೆಯ ಜೂಲಿನಲ್ಲಿ ಮತ್ತು ತೊಟ್ಟಿಲಿನ ಹಾಸಿನಲ್ಲಿ ಬರುವ ನೇಗಿ, ಮೆಂತ್ಯೆಗಳಿಗೆ ಮಾತ್ರ ಮತ್ತೆ ಆರೆಳೆ ದಾರವನ್ನೇ ಬಳಸಿದೆವು. ಬಯಲು ತುಂಬುವಲ್ಲಿ ಕೈಯಿಂದ ಕೈಗೆ ಇರುವ ಭೇದ ಅಷ್ಟಾಗಿ ಕಾಣುವುದಿಲ್ಲ, ದಾರ ಹರಡಿಕೊಳ್ಳುವುದೇ ಅಲ್ಲಿ ಅನುಕೂಲ. ನೇಗಿಯ ಉದ್ದ ಟಾಕಿಗಳು ಬಳೆಗೆ, ಉಗುರಿಗೆ ಸಿಕ್ಕಿ ಎಳೆದುಕೊಳ್ಳುವುದರಿಂದ, ಮೇಜಿನ ಹಾಸು ಅಥವಾ ದಿಂಬಿನ ಚೀಲದಂಥ ದಿನಬಳಕೆಯ ವಸ್ತುಗಳಿಗೆ ಆ ಹೊಲಿಗೆಯನ್ನೇ ಬಿಟ್ಟುಬಿಡುವುದು ಲೇಸು. ಗೋಡೆಯ ಮೇಲಿರುವ ಪಟಕ್ಕೆ ಆ ಚಿಂತೆಯಿಲ್ಲ.

ರೇಷ್ಮೆ ದಾರವನ್ನು ಈ ಪಟಕ್ಕೆ ನಾವು ಬಳಸಲಿಲ್ಲ, ಆದರೆ ಅದರ ಬಗ್ಗೆ ಹೇಳದಿದ್ದರೆ ವಿಮರ್ಶೆ ಅಪೂರ್ಣವಾಗುತ್ತದೆ. ಇಳಕಲ್ ಸೀರೆಯ ಮೇಲೆ, ಅದರಲ್ಲೂ ಚಂದ್ರಕಾಳಿ ಎನ್ನುವ ಕಪ್ಪು ಸೀರೆಯ ಮೇಲೆ, ಹತ್ತಿ ದಾರದ ಕಸೂತಿ ಮಂಕಾಗಿಯೇ ಕಾಣುತ್ತದೆ. ಅಲ್ಲಿ ರೇಷ್ಮೆಗೆ ಸಾಟಿಯಿಲ್ಲ. ಸೀರೆಯ ನೇಯ್ಗೆ ಬಹಳ ಒತ್ತಾದ್ದರಿಂದ ಅಭ್ಯಾಸವಿರುವ ಕಣ್ಣೇ ಎಳೆ ಎಣಿಸಬೇಕು, ಇಲ್ಲವೇ ಎಣಿಸಲು ಬರುವ ಜಾಳು ಬಟ್ಟೆಯನ್ನು ಮೇಲೆ ಕಚ್ಚಾ ಹೊಲಿಗೆಯಲ್ಲಿ ಕೂರಿಸಿ, ಕಸೂತಿ ಮುಗಿದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ರೇಷ್ಮೆ ದಾರ ನುಣುಪಾದ್ದರಿಂದ ಈ ಎಳೆಗಳು ತೊಂದರೆಯಿಲ್ಲದೆ ಜಾರಿ ಬರುತ್ತವೆ. ಆದರೆ ಕೈ ಸ್ವಲ್ಪ ಒರಟಾಗಿದ್ದರೂ ರೇಷ್ಮೆ ಎಳೆ ಬೆರಳಿಗೆ ಹತ್ತಿಕೊಂಡು ಮೇಲೇಳುತ್ತದೆ, ಹೊಸಬರು ತುಂಬಿರುವ ಗುಂಪಿಗೆ ಇದನ್ನು ಕೊಡುವುದು ಅವರ ಉತ್ಸಾಹವನ್ನು ಕುಗ್ಗಿಸಿದಂತೆ.

ಆರ್ಟ್ ಸಿಲ್ಕ್ ಎಂದು ಮಾರುವ ರೇಯಾನ್ ದಾರವನ್ನು ಕಸೂತಿಗೆ ಕೊಳ್ಳಲೇಬೇಡಿ ಎಂದು ಖಚಿತವಾಗಿ ಹೇಳುತ್ತೇನೆ. ಅಂಗಡಿಯಲ್ಲಿ ಅದರ ಮಿನುಗು ಕಣ್ಣಿಗೆ ಹಬ್ಬ. ಸೂಜಿಗೆ ಪೋಣಿಸಿದ ಮೇಲೆ ಹುರಿ ಬಿಚ್ಚಿಕೊಳ್ಳುತ್ತದೆ, ಗಂಟಿಲ್ಲದೆ ಮುಚ್ಚಿದ ತುದಿ ಜಾರಿ ಹೊರಬರುತ್ತದೆ, ಗವಂತಿಯ ಹಿಂದಿರುಗುವ ದಾರಿಯಲ್ಲಿ ಎಳೆಗಳು ಸೀಳುತ್ತವೆ.

ಬಣ್ಣ ಬಿಡುವ ಪ್ರಶ್ನೆಗೆ ಗುಂಪಿನಲ್ಲಿ ವಿಶೇಷ ಎಚ್ಚರಿಕೆ ಬೇಕು, ಏಕೆಂದರೆ ಒಂದು ತುಂಡಿನ ಕೆಂಪು ಹರಿದರೆ ಎಲ್ಲರ ಕೆಲಸವೂ ಕೆಡುತ್ತದೆ. ಹೆಸರು, ಅಂಕಿ ಯಾವುದೂ ಇಲ್ಲದೆ ಬಿಡಿಯಾಗಿ ಕೊಂಡಿದ್ದ ಒಂದು ಕೆಂಪು ದಾರ ನಮ್ಮಲ್ಲಿ ಪರೀಕ್ಷೆಯಲ್ಲೇ ಸೋತಿತು. ಪರೀಕ್ಷೆ ಸರಳ: ಗೇಣುದ್ದ ದಾರವನ್ನು ಬಿಸಿನೀರಿನಲ್ಲಿ ನೆನೆಸಿ, ಬಿಳಿ ಹತ್ತಿ ಬಟ್ಟೆಯ ಎರಡು ಪದರಗಳ ನಡುವೆ ಇಟ್ಟು ಇಸ್ತ್ರಿ ಪೆಟ್ಟಿಗೆಯನ್ನು ಒತ್ತಿ ನೋಡಬೇಕು. ಬಿಳಿ ಬಟ್ಟೆಯ ಮೇಲೆ ಗುಲಾಬಿ ಛಾಯೆ ಕಂಡರೆ ಆ ದಾರವನ್ನು ಬದಿಗಿಡಬೇಕು. ಕೆಂಪು, ಕಡುನೀಲಿ ಮತ್ತು ಕಪ್ಪು ಬಣ್ಣಗಳಿಗೆ, ಎಂಥ ಹೆಸರಾಂತ ಕಂಪನಿಯದಾದರೂ, ಈ ಪರೀಕ್ಷೆಯನ್ನು ತಪ್ಪಿಸಬಾರದು.

ಹೊಸದಾಗಿ ಗುಂಪು ಕಟ್ಟಿಕೊಂಡು ಕಸೂತಿ ಆರಂಭಿಸುವವರು ಮೊದಲ ಖರೀದಿಗೆ ಪರ್ಲ್ ಕಾಟನ್ 12ರ ಕೆಂಪು, ಹಸಿರು, ಕಿತ್ತಳೆ ಉಂಡೆಗಳು ಒಂದೊಂದು, ತುಂಬುವ ಕೆಲಸಕ್ಕೆ ಅದೇ ಬಣ್ಣಗಳ ಆರೆಳೆ ಲಡಿಗಳು ಎರಡೆರಡು, ಮತ್ತು ತಲೆಗೊಂದು 26ನೆಯ ಅಂಕಿಯ ಮೊಂಡು ಸೂಜಿ ತೆಗೆದುಕೊಂಡರೆ ಸಾಕು. ಚಿತ್ರಕ್ಕೆ ಕೈ ಹಾಕುವ ಮೊದಲು ಪ್ರತಿಯೊಬ್ಬರೂ ಅದೇ ಬಟ್ಟೆಯ ಚೂರಿನ ಮೇಲೆ ಎರಡು ಇಂಚಿನ ಗವಂತಿ ಗೆರೆಯೊಂದನ್ನು ಹಾಕಿ, ಎಲ್ಲ ಚೂರುಗಳನ್ನೂ ಕಿಟಕಿಯ ಬೆಳಕಿನಲ್ಲಿ ಒಟ್ಟಿಗೆ ಇಟ್ಟು, ಮುಂಬದಿಯನ್ನೂ ಹಿಂಬದಿಯನ್ನೂ ಹೋಲಿಸಿ ನೋಡಿಕೊಳ್ಳಬೇಕು. ಯಾರ ಕೈ ಬಿಗಿ, ಯಾರದು ಸಡಿಲ ಎಂಬುದು ಆಗಲೇ ತಿಳಿಯುತ್ತದೆ, ಗೋಪುರ ಯಾರಿಗೆ ಕೊಡಬೇಕು, ಆನೆಯನ್ನು ಯಾರಿಗೆ ಕೊಡಬೇಕು ಎಂಬುದನ್ನೂ ಅದರ ಮೇಲೆಯೇ ನಿರ್ಧರಿಸಬಹುದು.