ಸ್ಟಾರ್ ಎಣಿಸೋದು ಬಿಟ್ಟು ಯೂನಿಟ್ ಓದಿದ ಮೇಲೆ: ನಮ್ಮ ಅಡುಗೆಮನೆಯ ಒಂದು ವರ್ಷ

ಹೋದ ವರ್ಷ ಯುಗಾದಿ ಮುಗಿದ ವಾರವೇ ನಮ್ಮ ಹಳೆಯ ಫ್ರಿಡ್ಜ್ ರಾತ್ರಿಯಿಡೀ ಗುರ್ರ್ ಅನ್ನೋಕೆ ಶುರು ಮಾಡಿತು. 2009ರದ್ದು. ಬಾಗಿಲಿನ ರಬ್ಬರ್ ಸಡಿಲವಾಗಿ, ಮುಚ್ಚಿದ ಮೇಲೆ ಒಂದು ಕುರ್ಚಿ ಒತ್ತರಿಸಿ ಇಡಬೇಕಿತ್ತು. ಅದೊಂದನ್ನು ಬದಲಿಸೋಣ ಅಂತ ಹೊರಟವರು ಇಂಡಕ್ಷನ್ ಒಲೆ, ಅದಕ್ಕೆ ಹೊಂದುವ ಸ್ಟೀಲ್ ಕುಕ್ಕರ್, ನೀರಿನ ಫಿಲ್ಟರ್ ಎಲ್ಲವನ್ನೂ ಒಂದೊಂದಾಗಿ ತಂದೆವು. ಮೈಸೂರಿನಲ್ಲಿ ನಾಲ್ಕು ಜನರ ಮನೆ, ಎರಡು ಹೊತ್ತು ಅಡುಗೆ, ಮನೆಯಲ್ಲಿ ಅತ್ತೆ ಇದ್ದಾರೆ. ಅಂದರೆ ಯಾವ ಸಾಮಾನಿಗೂ ಸುಲಭದ ಪರೀಕ್ಷೆ ಅಲ್ಲ. ಕಂಪನಿ ಹೆಸರು ಹೇಳುವುದಿಲ್ಲ, ಮಾಡೆಲ್‌ಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ, ಹೆಸರು ತಗೊಂಡು ನಿಮಗೇನೂ ಪ್ರಯೋಜನ ಇಲ್ಲ.

ಮೊದಲು ಫ್ರಿಡ್ಜ್. ಅಂಗಡಿಯ ಹುಡುಗ "ಮೇಡಂ, ಕಣ್ಣು ಮುಚ್ಕೊಂಡು ಫೈವ್ ಸ್ಟಾರ್ ತಗೊಳ್ಳಿ" ಅಂದ. ಕಣ್ಣು ಮುಚ್ಚಿಕೊಂಡರೆ ಲೇಬಲ್ ಓದುವುದು ಹೇಗೆ? ಆ ಸ್ಟಾರ್ ಲೇಬಲ್ ಕೊಡುವುದು ಬಿಇಇ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆ, 2006ರಿಂದ ನಡೆಯುತ್ತಿದೆ. ಎಲ್ಲರೂ ಸ್ಟಾರ್ ಎಣಿಸುತ್ತಾರೆ, ಅದರ ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ಅಂತ ಬರೆದಿರುವ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ. ಸ್ಟಾರ್ ಕೊಡುವುದು ಫ್ರಿಡ್ಜಿನ ಅಳತೆ ಮತ್ತು ಜಾತಿಗೆ ತಕ್ಕಂತೆ. ಹಾಗಾಗಿ ಒಂದು ದೊಡ್ಡ ಡಬಲ್ ಡೋರ್ ಫ್ರಿಡ್ಜ್ ಜಾಸ್ತಿ ಸ್ಟಾರ್ ಇಟ್ಟುಕೊಂಡೂ, ಕಡಿಮೆ ಸ್ಟಾರಿನ ಸಣ್ಣ ಸಿಂಗಲ್ ಡೋರ್‌ಗಿಂತ ಜಾಸ್ತಿ ಕರೆಂಟ್ ತಿನ್ನಬಹುದು. ಇನ್ನೊಂದು, ಲೇಬಲ್ ಮೇಲೆ ವರ್ಷವೂ ಇರುತ್ತದೆ. ಅಳತೆಗೋಲು ಆಗಾಗ ಬಿಗಿ ಆಗುತ್ತದೆ, ಹಳೆಯ ಲೇಬಲ್ಲಿನ ಐದು ಸ್ಟಾರ್ ಹೊಸ ಲೆಕ್ಕದಲ್ಲಿ ನಾಲ್ಕೋ ಮೂರೋ ಆಗಿಬಿಡುತ್ತದೆ. ಗೋಡೌನಿನಲ್ಲಿ ಉಳಿದ ಹಳೇ ಸ್ಟಾಕನ್ನು "ಆಫರ್" ಅಂತ ತಳ್ಳುವಾಗ ಈ ವಿಷಯ ಯಾರೂ ಹೇಳುವುದಿಲ್ಲ.

ನಾವು ತಂದಿದ್ದು 185 ಲೀಟರಿನ ಸಿಂಗಲ್ ಡೋರ್. ಲೇಬಲ್ ಪ್ರಕಾರ ವರ್ಷಕ್ಕೆ ಸುಮಾರು 125 ಯೂನಿಟ್. ನಂಬಬೇಕಲ್ಲ, ಹಾಗಾಗಿ ಪ್ಲಗ್ಗಿಗೆ ಸಿಕ್ಕಿಸುವ ಒಂದು ಮೀಟರ್ ತರಿಸಿದೆ. ಹಳೆಯ ಫ್ರಿಡ್ಜ್ ದಿನಕ್ಕೆ ಒಂದು ಯೂನಿಟ್ ದಾಟುತ್ತಿತ್ತು, ಹೊಸದು 0.4ರ ಆಸುಪಾಸು, ಏಪ್ರಿಲ್ ಸೆಕೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ತಿಂಗಳಿಗೆ ಇಪ್ಪತ್ತು ಯೂನಿಟ್ ಉಳಿಯಿತು. ಹಣದ ಲೆಕ್ಕಕ್ಕೆ ಮಾತ್ರ ಸುಳ್ಳು ಆಸೆ ಇಟ್ಟುಕೊಳ್ಳಬೇಡಿ. ಅದೇ ಅಳತೆಯ ಮೂರು ಸ್ಟಾರಿಗೂ ಐದು ಸ್ಟಾರಿಗೂ ನಾವು ನೋಡಿದ ಅಂಗಡಿಯಲ್ಲಿ ಎರಡೂವರೆ ಸಾವಿರ ವ್ಯತ್ಯಾಸ ಇತ್ತು, ಯೂನಿಟ್ ಲೆಕ್ಕದಲ್ಲಿ ಉಳಿಯುವುದು ವರ್ಷಕ್ಕೆ ಮುನ್ನೂರು ರೂಪಾಯಿ ಇರಬಹುದು. ಎಂಟು ವರ್ಷ ಬೇಕು. ಫ್ರಿಡ್ಜ್ ಹದಿನೈದು ವರ್ಷ ಬಾಳುತ್ತದೆ ಅಂತ ನಂಬಿ ತಂದೆವು, ಅಷ್ಟೇ.

ಫ್ರಿಡ್ಜಿನ ಹಿಂದುಗಡೆಯ ಪಟ್ಟಿಯಲ್ಲಿ ಆರ್600ಎ ಅಂತ ಇದೆಯಾ ನೋಡಿ, ಅದು ಒಳಗೆ ತಂಪು ಮಾಡುವ ಗ್ಯಾಸಿನ ಹೆಸರು. ಹಳೆಯ ಫ್ರಿಡ್ಜ್‌ಗಳಲ್ಲಿ ಇರುತ್ತಿದ್ದ ಆರ್134ಎ ಗ್ಯಾಸ್ ಗಾಳಿಗೆ ಸೇರಿದರೆ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಬಿಸಿ ಏರಿಸುತ್ತದೆ, ಹೊಸದರಲ್ಲಿ ಆ ಕಾಟ ಇಲ್ಲ. ಆದರೆ ನಮ್ಮ ಹಳೆಯ ಫ್ರಿಡ್ಜನ್ನು ಎಕ್ಸ್‌ಚೇಂಜಿನಲ್ಲಿ ಒಂದೂವರೆ ಸಾವಿರಕ್ಕೆ ಒಯ್ದರಲ್ಲ, ಅದರ ಗ್ಯಾಸನ್ನು ಏನು ಮಾಡ್ತೀರಿ ಅಂತ ಕೇಳಿದ್ದಕ್ಕೆ ಅಂಗಡಿಯವರು ನನ್ನ ಮುಖ ನೋಡಿ ನಕ್ಕರು. ಯಾವುದೋ ಗುಜರಿಯಲ್ಲಿ ಪೈಪ್ ಕತ್ತರಿಸಿ ತಾಮ್ರ ತೆಗೆದಿರುತ್ತಾರೆ. ಈ ಅಂಗಡಿಗೆ ನಾನು ಅರ್ಧ ಅಂಕ ಕಡಿಮೆ ಕೊಡುವುದು ಇದೊಂದಕ್ಕೇ.

ಈಗ ಇಂಡಕ್ಷನ್. ಜಗಳ ಆಗಿದ್ದು ಇಲ್ಲೇ. "ಉರಿ ಕಾಣದ ಒಲೆ ಮೇಲೆ ಬೆಂದಿದ್ಯೋ ಇಲ್ವೋ ಹೆಂಗೆ ಗೊತ್ತಾಗುತ್ತೆ ಕಣೇ?" ಅಂತ ಅತ್ತೆ ಮೊದಲ ದಿನವೇ ಹೇಳಿಬಿಟ್ಟರು. ಅದರ ಜೊತೆಗೆ ಅವರೇ ಇನ್ನೊಂದು ಕಥೆಯನ್ನೂ ಹೇಳಿದರು. ಅವರ ತವರಿನಲ್ಲಿ 1980ರ ದಶಕದಲ್ಲಿ ಅಸ್ತ್ರ ಒಲೆ ಹಾಕಿಸಿದಾಗ, ಅದೇ ಬೆಂಗಳೂರಿನ ಐಐಎಸ್‌ಸಿ ಅನ್ನುವ ವಿಜ್ಞಾನ ಸಂಸ್ಥೆಯವರು ಸೌದೆ ಉಳಿಸೋಕೆ ಅಂತ ಮಾಡಿದ ಮೂರು ಪಾತ್ರೆಯ, ಹೊಗೆ ಕೊಳವೆಯ ಒಲೆ, ಊರವರೆಲ್ಲ ನಕ್ಕಿದ್ದರಂತೆ. ಆಮೇಲೆ ಹೊಗೆ ಇಲ್ಲದ ಅಡುಗೆಮನೆ ನೋಡೋಕೆ ನಕ್ಕವರೇ ಬಂದರಂತೆ. ಅದು ಬೇರೆ, ಇದು ಬೇರೆ ಅಂತ ಅತ್ತೆಯ ವಾದ.

ಕೆಲಸ ಹೇಗೆ ಅಂದರೆ, ಒಂದು ಲೀಟರ್ ನೀರು ಮೂರೂವರೆ ನಿಮಿಷದಲ್ಲಿ ಕುದಿಯಿತು, ಮೀಟರ್ ತೋರಿಸಿದ್ದು 0.1 ಯೂನಿಟ್. ಅರವತ್ತು ಪೈಸೆ. ಗ್ಯಾಸಿನಲ್ಲಿ ಉರಿಯ ಒಂದು ಪಾಲು ಪಾತ್ರೆಯ ಪಕ್ಕದಿಂದ ನಮ್ಮ ಮುಖಕ್ಕೇ ಬರುತ್ತದೆ, ಐಎಸ್ಐ ಮಾರ್ಕಿನ ಒಲೆಗೂ ಕನಿಷ್ಠ 68 ಪರ್ಸೆಂಟ್ ಶಾಖ ಪಾತ್ರೆಗೆ ಹೋದರೆ ಸಾಕು. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯುವುದರಿಂದ 85ರ ಮೇಲೆ ಸಿಗುತ್ತದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿಕೊಂಡು ಅಡುಗೆ ಮಾಡಬಹುದು ಅನ್ನುವ ಸುಖ ಅನುಭವಿಸಿದವರಿಗೇ ಗೊತ್ತು. ಅನ್ನ, ಬೇಳೆ, ಸಾರು, ಕಾಫಿಗೆ ಹಾಲು, ಒಗ್ಗರಣೆ ಎಲ್ಲಕ್ಕೂ ಚೆನ್ನಾಗಿದೆ. ಹಾಲು ಉಕ್ಕಿ ಬರುವಾಗ ಆಫ್ ಒತ್ತಿದರೆ ಆ ಕ್ಷಣಕ್ಕೇ ಕೂರುತ್ತದೆ.

ಆಗದ್ದೂ ಇದೆ, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ರಾಗಿ ಮುದ್ದೆ ತಿರುವೋಕೆ ಹೋದರೆ ಪಾತ್ರೆ ಗಾಜಿನ ಮೇಲೆ ಗಿರಗಿರ ತಿರುಗುತ್ತದೆ. ಮುದ್ದೆ ಕೋಲು ಹಿಡಿದು ನಾವು ಹಾಕುವ ಬಲಕ್ಕೆ ಆ ಗಾಜು ಬಾಳುವುದಿಲ್ಲ. ರೊಟ್ಟಿಯನ್ನು ಕೆಂಡದ ಹಾಗೆ ಉರಿಗೆ ತೋರಿಸುವುದು, ಬದನೆಕಾಯಿ ಸುಡುವುದು, ಹಪ್ಪಳ ಸುಡುವುದು ಯಾವುದೂ ಇಲ್ಲ. ಸಣ್ಣ ಉರಿ ಅನ್ನುವುದು ಇದಕ್ಕೆ ಗೊತ್ತೇ ಇಲ್ಲ. ನಮ್ಮದರಲ್ಲಿ ಕಡಿಮೆಗೆ ಇಟ್ಟರೆ ಸ್ವಲ್ಪ ಹೊತ್ತು ಜೋರು, ಸ್ವಲ್ಪ ಹೊತ್ತು ಬಂದ್, ಮತ್ತೆ ಜೋರು. ಪಾಯಸ ಎರಡು ಸಲ ತಳ ಹಿಡಿಯಿತು. ಪಾತ್ರೆ ವಿಷಯ ಇನ್ನೊಂದು ತಲೆನೋವು. ನಮ್ಮ ಮನೆಯ ಇಂಡಾಲಿಯಂ ಬಾಣಲೆ, ಅಲ್ಯೂಮಿನಿಯಂ ಕುಕ್ಕರ್ ಒಂದೂ ನಡೆಯಲಿಲ್ಲ, ಸ್ಟೀಲ್‌ನಲ್ಲೂ ಅರ್ಧ ನಡೆಯಲಿಲ್ಲ. ಒಂದು ಅಯಸ್ಕಾಂತ ಜೇಬಿನಲ್ಲಿ ಇಟ್ಟುಕೊಂಡೇ ಪಾತ್ರೆ ಅಂಗಡಿಗೆ ಹೋಗಿ, ತಳಕ್ಕೆ ಗಟ್ಟಿಯಾಗಿ ಅಂಟಿದರೆ ಮಾತ್ರ ತಗೊಳ್ಳಿ. ಒಲೆಗಿಂತ ಕುಕ್ಕರಿಗೇ ಜಾಸ್ತಿ ದುಡ್ಡು ಕೊಟ್ಟೆವು.

ಏಳನೇ ತಿಂಗಳಿಗೆ, ಗುಡುಗಿನ ಒಂದು ಸಂಜೆ ಕರೆಂಟ್ ಹೋಗಿ ಬಂದಾಗ ಒಲೆ ಸತ್ತಿತು. ಕಂಪನಿಯ ಸರ್ವಿಸ್‌ನವರು ಹತ್ತು ದಿನ ಓಡಾಡಿಸಿ, ಬೋರ್ಡ್ ಸಿಗುವುದಿಲ್ಲ, ಹೊಸದೇ ತಗೊಳ್ಳಿ ಅಂದರು. ವಾರಂಟಿ ಬಗ್ಗೆ ಕೇಳಿದರೆ ವೋಲ್ಟೇಜ್ ಏರುಪೇರು ಅದರಲ್ಲಿ ಬರುವುದಿಲ್ಲವಂತೆ. ಕೊನೆಗೆ ಅಗ್ರಹಾರದ ಹತ್ತಿರ ಮಿಕ್ಸಿ ರಿಪೇರಿ ಮಾಡುವ ಒಬ್ಬರು ಫ್ಯೂಸ್, ಜೊತೆಗೆ ಒಂದು ಸಣ್ಣ ಬಿಡಿಭಾಗ ಹಾಕಿ 450 ರೂಪಾಯಿಗೆ ಸರಿ ಮಾಡಿಕೊಟ್ಟರು. ಇವತ್ತಿಗೂ ನಡೆಯುತ್ತಿದೆ. ಪರಿಸರಸ್ನೇಹಿ ಅಂತ ಡಬ್ಬಿ ಮೇಲೆ ಎಲೆ ಚಿತ್ರ ಹಾಕಿ, ಏಳೇ ತಿಂಗಳಿಗೆ ಎಸೆಯಿರಿ ಅಂದರೆ ಹೊಟ್ಟೆ ಉರಿಯುವುದಿಲ್ವಾ?

ಇನ್ನು ಬಿಲ್. ಗೃಹಜ್ಯೋತಿ ಇರುವವರು ಇದನ್ನು ಸರಿಯಾಗಿ ಓದಿ. ನಮ್ಮ 2022-23ರ ಸರಾಸರಿ ತಿಂಗಳಿಗೆ 95 ಯೂನಿಟ್, ಅದರ ಮೇಲೆ ಹತ್ತು ಪರ್ಸೆಂಟ್ ಸೇರಿ ಸುಮಾರು 105ರವರೆಗೆ ಉಚಿತ. ಫ್ರಿಡ್ಜ್ ಇಪ್ಪತ್ತು ಉಳಿಸಿತು, ಇಂಡಕ್ಷನ್ ಐವತ್ತು ತಿಂದಿತು, ಈಗ 125ರಿಂದ 130 ಆಗುತ್ತಿದೆ. ಜಾಸ್ತಿ ಆದಷ್ಟಕ್ಕೆ 130 ರೂಪಾಯಿ ಆಸುಪಾಸು ಕಟ್ಟುತ್ತೇವೆ. ನಲವತ್ತು ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರ್ ಈಗ ಮೂರು ತಿಂಗಳು ಬರುತ್ತದೆ, ಹಾಗಾಗಿ ನಮಗೆ ಲಾಭವೇ. ಆದರೆ ನಿಮ್ಮ ಮನೆ ಈಗಾಗಲೇ 170, 180 ಮುಟ್ಟುತ್ತಿದ್ದರೆ ಹುಷಾರು. 200 ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ.

ಕರೆಂಟ್ ಒಲೆ ನಿಜವಾಗಲೂ ಹಸಿರಾ ಅಂತ ಕೇಳುವವರಿಗೆ, ಅದು ಯಾವಾಗ ಹಚ್ಚುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಮಧ್ಯಾಹ್ನ ಪಾವಗಡದ ಸೋಲಾರ್ ಪಾರ್ಕ್ ಅಂಥವು ತುಂಬಿ ಕೊಡುವ ಹೊತ್ತು. ಸಂಜೆ ಏಳಕ್ಕೆ ಸೂರ್ಯ ಇಲ್ಲ, ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲನ್ನೇ ನೆಚ್ಚಬೇಕು. ನಾನು ಬೇಳೆ, ಕಾಳು ಬೇಯಿಸುವುದನ್ನು ಆದಷ್ಟು ಹಗಲಿಗೆ ತಂದುಕೊಂಡಿದ್ದೇನೆ. ಕಾಳು ರಾತ್ರಿ ನೆನೆಹಾಕಿದರೆ ಸಾಕು, ಅರ್ಧ ವಿಸಲ್ ಉಳಿಯುತ್ತದೆ. ಎಲ್‌ಪಿಜಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಹೊರದೇಶದಿಂದ ಹಡಗಿನಲ್ಲಿ ಬರುವುದು, ಅದೇನೂ ಸುಮ್ನೆ ಸಿಗುವ ಉರಿ ಅಲ್ಲ.

ಫಿಲ್ಟರ್ ಬಗ್ಗೆ ಚಿಕ್ಕದಾಗಿ. ಮನೆಗೆ ಬಂದ ಮಾರಾಟದವನು ಎರಡು ಕಡ್ಡಿ ನೀರಿಗೆ ಇಳಿಸಿ, ಕರೆಂಟ್ ಕೊಟ್ಟು, ನೀರು ಕಂದು ಬಣ್ಣ ಆಗಿದ್ದನ್ನು ತೋರಿಸಿ ಹೆದರಿಸಿದ. ಆ ಬಣ್ಣ ಅವನ ಕಬ್ಬಿಣದ ಕಡ್ಡಿಯದ್ದೇ, ನಮ್ಮ ನೀರಿನದ್ದಲ್ಲ. ನಲ್ಲಿ ನೀರಿಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಉಪ್ಪು, ಖನಿಜ ಅಳೆಯುವುದು) ಇಟ್ಟರೆ 200ರ ಒಳಗೆ ತೋರಿಸಿತು. 500ರ ಒಳಗಿರುವ ಕಡೆ ಆರ್‌ಓ ಬೇಡ ಅಂತ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ಒಂದು ಲೀಟರ್ ಕುಡಿಯೋಕೆ ಎರಡು ಮೂರು ಲೀಟರ್ ಚರಂಡಿಗೆ ಬಿಡುವ ಮೆಷಿನ್ ನಮಗ್ಯಾಕೆ? ಬೆಳಕಿನಿಂದ ಕ್ರಿಮಿ ಕೊಲ್ಲುವ ಯುವಿ ಫಿಲ್ಟರ್ ತಂದೆವು, ಖುಷಿಯಾಗಿದ್ದೇವೆ. ಬೋರ್‌ವೆಲ್ ನೀರಿನವರ ಲೆಕ್ಕ ಬೇರೆ.

ಮಿಕ್ಸಿ, ಗ್ರೈಂಡರ್ ಬದಲಿಸಲಿಲ್ಲ. 150 ವಾಟಿನ ಗ್ರೈಂಡರ್ ಅರ್ಧ ಗಂಟೆ ತಿರುಗಿದರೂ ಒಂದು ಯೂನಿಟ್ಟಿನ ಹತ್ತನೇ ಒಂದು ಭಾಗ ಮುಟ್ಟುವುದಿಲ್ಲ, ಅದರಲ್ಲಿ ಏನು ಉಳಿಸುವುದು? ದಿನಕ್ಕೆ ಹತ್ತು ನಿಮಿಷ ಓಡುವ ಮಿಕ್ಸಿಗೂ ಅದೇ ಮಾತು. ಅತ್ತೆಯ ಹಳೆಯ ಸುಮೀತ್ ಮಿಕ್ಸಿ ಹೊಸ ಬುಶ್, ಬ್ಲೇಡ್ ಹಾಕಿಸಿಕೊಂಡು ಇನ್ನೂ ಕಿರುಚುತ್ತಿದೆ.

ಮೊನ್ನೆ ಸಿಲಿಂಡರ್ ತಂದ ಹುಡುಗ "ಏನಮ್ಮಾ, ಊರಿಗೆ ಹೋಗಿಬಿಟ್ಟಿದ್ರಾ? ಮೂರು ತಿಂಗಳಾಯ್ತಲ್ಲ ಬುಕ್ ಮಾಡಿ" ಅಂದ. ಅತ್ತೆ ಒಳಗಿನಿಂದಲೇ "ಊರಲ್ಲೇ ಇದ್ದೀವಪ್ಪ, ಮುದ್ದೆಗೆ ಮಾತ್ರ ನಿನ್ನ ಗ್ಯಾಸು" ಅಂದರು. ಕೈಯಲ್ಲಿ ಇಂಡಕ್ಷನ್ ಮೇಲಿಂದ ಇಳಿಸಿದ ಹಾಲಿನ ಪಾತ್ರೆ ಇತ್ತು.