ಓಡುತ್ತಿರುವ ಪ್ರೋಗ್ರಾಮಿನೊಳಗಿನ ಲೈಬ್ರರಿಗಳು: ‘ಡಿಎಲ್_ಇಟರೇಟ್_ಪಿಎಚ್‌ಡಿಆರ್’ ಬಳಸಿ ನೋಡಿದ ಮೇಲೆ

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಯಾವ ಯಾವ ಶೇರ್ಡ್ ಲೈಬ್ರರಿಗಳನ್ನು ಬಳಸುತ್ತದೆ ಎಂದು ಕೇಳಿದರೆ ಹೆಚ್ಚಿನವರು ‘ಎಲ್‌ಡಿಡಿ’ ಕಮಾಂಡನ್ನು ತೋರಿಸಿ ಸುಮ್ಮನಾಗುತ್ತಾರೆ. ಆದರೆ ಅದು ಹೇಳುವುದು ಪ್ರೋಗ್ರಾಂ ಶುರುವಾದಾಗ ಏನೇನು ಬರಬೇಕು ಎಂಬುದನ್ನು ಮಾತ್ರ. ಓಡುತ್ತಿರುವಾಗ ‘ಡಿಎಲ್‌ಓಪನ್’ ಮೂಲಕ ಬಂದು ಸೇರಿಕೊಂಡವು ಆ ಪಟ್ಟಿಯಲ್ಲಿ ಇರುವುದಿಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಂಕುಚನದ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಪತ್ತೆಯಾದಾಗ ಈ ವ್ಯತ್ಯಾಸ ಬಹಳ ಜನರಿಗೆ ಮೊದಲ ಬಾರಿ ಮುಖ್ಯವೆನಿಸಿತು. ಲಿನಕ್ಸ್‌ನ ಸರ್ವೀಸ್‌ಗಳನ್ನು ನಡೆಸುವ ಸಿಸ್ಟಮ್‌ಡಿಯ ಅದೇ ವರ್ಷ ಬಂದ 256ನೆಯ ಆವೃತ್ತಿ ಸಂಕುಚನದ ಲೈಬ್ರರಿಗಳನ್ನು ಬೇಕಾದಾಗ ಮಾತ್ರ ‘ಡಿಎಲ್‌ಓಪನ್’ ಮಾಡುವ ಕ್ರಮಕ್ಕೆ ಬದಲಾದ್ದರಿಂದ, ಎಲ್‌ಡಿಡಿ ಕೊಡುವ ಪಟ್ಟಿಯನ್ನೇ ನಂಬಿ ಕೂರುವುದು ಈಗ ಇನ್ನಷ್ಟು ಕಷ್ಟ.

ನಾನು ಕೆಲವು ವರ್ಷಗಳಿಂದ ಇದಕ್ಕಾಗಿ ಬಳಸುತ್ತಿರುವುದು ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯ ‘ಡಿಎಲ್_ಇಟರೇಟ್_ಪಿಎಚ್‌ಡಿಆರ್’ ಎಂಬ ಫಂಕ್ಷನ್. ಹೆಸರು ನಾಲಿಗೆ ಹೊರಳದಂಥದ್ದಾದರೂ ಕೆಲಸ ಸರಳ. ಒಂದು ಕಾಲ್‌ಬ್ಯಾಕ್ (ಅದು ತಿರುಗಿ ಕರೆಯಲೆಂದು ನಾವು ಕೊಡುವ ಫಂಕ್ಷನ್) ಬರೆದುಕೊಟ್ಟರೆ, ಆ ಕ್ಷಣದಲ್ಲಿ ಪ್ರೋಗ್ರಾಮಿನೊಳಗೆ ಇರುವ ಪ್ರತಿಯೊಂದು ಲೈಬ್ರರಿಗೂ ಅದನ್ನು ಒಮ್ಮೆ ಕರೆದು, ಲೈಬ್ರರಿಯ ಹೆಸರು, ಅದು ಮೆಮೊರಿಯಲ್ಲಿ ಕುಳಿತಿರುವ ಆರಂಭದ ವಿಳಾಸ ಮತ್ತು ಅದರ ಯಾವ ಭಾಗ ಮೆಮೊರಿಯಲ್ಲಿ ಎಲ್ಲಿ ಕೂರಬೇಕೆಂದು ಹೇಳುವ ಪ್ರೋಗ್ರಾಂ ಹೆಡರ್‌ಗಳನ್ನು ಕೈಗಿಡುತ್ತದೆ. ಕಾಲ್‌ಬ್ಯಾಕ್ ಸೊನ್ನೆಯಲ್ಲದ ಬೆಲೆ ಹಿಂತಿರುಗಿಸಿದರೆ ಸುತ್ತು ಅಲ್ಲಿಗೇ ನಿಲ್ಲುತ್ತದೆ. ‘ಲಿಂಕ್.ಎಚ್’ ಸೇರಿಸುವ ಮೊದಲು ‘_ಗ್ನೂ_ಸೋರ್ಸ್’ ಡಿಫೈನ್ ಮಾಡಲು ಮರೆತರೆ ಕಂಪೈಲರ್ ಗೊಣಗುತ್ತದೆ. ಇದು ಪ್ರತಿಯೊಬ್ಬರೂ ಒಮ್ಮೆ ಎಡವುವ ಹೊಸ್ತಿಲು. ಎರಡನೆಯ ಹೊಸ್ತಿಲು ಪಟ್ಟಿಯ ಮೊದಲ ಸಾಲು: ಅಲ್ಲಿ ಬರುವುದು ನಮ್ಮ ಮುಖ್ಯ ಪ್ರೋಗ್ರಾಂ, ಮತ್ತು ಅದರ ಹೆಸರು ಖಾಲಿ ಸ್ಟ್ರಿಂಗ್. ನನ್ನ ಕೋಡ್ ತಪ್ಪಿದೆಯೆಂದು ಮೊದಲ ದಿನ ಅರ್ಧ ಗಂಟೆ ಹುಡುಕಿದ್ದೇನೆ.

ಇದರ ನಿಜವಾದ ಬೆಲೆ ತಿಳಿಯುವುದು ಕ್ರ್ಯಾಷ್ ಆದಾಗ. ವಿಳಾಸಗಳನ್ನು ಪ್ರತಿ ಬಾರಿ ಕಲೆಸಿಡುವ ಈಗಿನ ಲಿನಕ್ಸ್‌ನಲ್ಲಿ, ಲಾಗ್‌ನಲ್ಲಿ ಬರೀ 791420635180 ಎಂಬ ಹದಿನಾರರ ಮೂಲದ ವಿಳಾಸ ಸಿಕ್ಕರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ಅದೇ ಲಾಗ್‌ನ ತಲೆಯಲ್ಲಿ ನಮ್ಮ ಪ್ಲಗಿನ್‌ನ ಆರಂಭ 791420620000 ಎಂದು ಬರೆದಿದ್ದರೆ, ಒಂದರಿಂದ ಇನ್ನೊಂದನ್ನು ಕಳೆದಾಗ ಸಿಗುವ 15180 ಅನ್ನು ವಿಳಾಸದಿಂದ ಕೋಡಿನ ಸಾಲು ಹುಡುಕುವ ‘ಆಡರ್‌ಟುಲೈನ್’ ಕಮಾಂಡಿಗೆ ಕೊಟ್ಟ ಕೂಡಲೇ, ಡೀಬಗ್ ಮಾಹಿತಿ ಇರುವ ಲೈಬ್ರರಿಯಾದರೆ, ಫೈಲಿನ ಹೆಸರೂ ಸಾಲಿನ ಸಂಖ್ಯೆಯೂ ಮುಂದೆ ಬಂದು ನಿಲ್ಲುತ್ತವೆ. ಲೈಬ್ರರಿಗಳು ಬಂದುಹೋಗುವ ಪ್ರೋಗ್ರಾಮಿಗೆ ಇನ್ನೊಂದು ಅನುಕೂಲವೂ ಇದೆ: ಇಲ್ಲಿಯವರೆಗೆ ಎಷ್ಟು ಸೇರಿವೆ, ಎಷ್ಟು ಹೋಗಿವೆ ಎಂಬ ಎರಡು ಎಣಿಕೆಗಳು ಅದೇ ಮಾಹಿತಿಯಲ್ಲಿ ಸಿಗುವುದರಿಂದ, ಎರಡೂ ಬದಲಾಗದಿದ್ದರೆ ಹಳೆಯ ಪಟ್ಟಿಯನ್ನೇ ಬಳಸಿಕೊಳ್ಳಬಹುದು.

ಪ್ರೋಗ್ರಾಮಿನ ಮೆಮೊರಿಯಲ್ಲಿ ಏನೇನು ಎಲ್ಲೆಲ್ಲಿದೆ ಎಂದು ಕರ್ನಲ್ ತೋರಿಸುವ ‘/ಪ್ರಾಕ್/ಸೆಲ್ಫ್/ಮ್ಯಾಪ್ಸ್’ ಫೈಲು ಓದಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅಲ್ಲಿ ಒಂದೇ ಲೈಬ್ರರಿ ನಾಲ್ಕೈದು ಸಾಲುಗಳಲ್ಲಿ ಹರಡಿಕೊಂಡಿರುತ್ತದೆ, ಮ್ಯಾಪ್ ಆದ ಲೋಕೇಲ್ ಫೈಲುಗಳೂ ನಡುವೆ ನುಸುಳಿರುತ್ತವೆ, ಮತ್ತು ಇವನ್ನೆಲ್ಲ ಸ್ಟ್ರಿಂಗ್ ಹರಿದು ಬೇರ್ಪಡಿಸುವ ಕೋಡ್ ನಾವೇ ಬರೆಯಬೇಕು. ಆದರೆ ಒಂದು ವಿಷಯದಲ್ಲಿ ಅದೇ ಮೇಲು. 2014ರ ಏಪ್ರಿಲ್‌ನಲ್ಲಿ ಹಾರ್ಟ್‌ಬ್ಲೀಡ್ ದೋಷ ಹೊರಬಂದಾಗ ಓಪನ್‌ಎಸ್‌ಎಸ್‌ಎಲ್ ಅನ್ನು ಅಪ್‌ಡೇಟ್ ಮಾಡಿದರೂ, ರೀಸ್ಟಾರ್ಟ್ ಆಗದ ಸರ್ವೀಸ್‌ಗಳಲ್ಲಿ ಹಳೆಯ ಲೈಬ್ರರಿಯೇ ಉಳಿದಿರುತ್ತಿತ್ತು. ಅಂಥ ಸಾಲಿನ ಕೊನೆಗೆ ಮ್ಯಾಪ್ಸ್ ಫೈಲು ‘ಡಿಲೀಟೆಡ್’ ಎಂದು ಗುರುತು ಹಾಕುತ್ತದೆ. ನಮ್ಮ ಫಂಕ್ಷನ್ ಲೋಡ್ ಆದಾಗಿನ ಹೆಸರನ್ನು ಹೇಳಿ ಮುಗಿಸುತ್ತದೆ, ಡಿಸ್ಕ್‌ನಲ್ಲಿ ಆ ಫೈಲು ಈಗಲೂ ಇದೆಯೇ ಎಂಬ ಗೊಡವೆಗೆ ಹೋಗುವುದಿಲ್ಲ.

ಈಗ ದೂರು. ಕಾಲ್‌ಬ್ಯಾಕ್ ನಡೆಯುವಷ್ಟು ಹೊತ್ತೂ ಲೈಬ್ರರಿಗಳನ್ನು ತಂದು ಕೂರಿಸುವ ಲೋಡರ್‌ನ ಒಂದು ಲಾಕ್ (ಒಮ್ಮೆಗೆ ಒಂದೇ ಥ್ರೆಡ್ ಹಿಡಿಯಬಲ್ಲ ಬೀಗ) ಹಿಡಿದಿರುತ್ತದೆ, ಮತ್ತು ಮ್ಯಾನ್ ಪುಟ ಓದಿ ಕಲಿತ ನನಗೆ ಅದು ಹೊಳೆದಿರಲಿಲ್ಲ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಕಾಲ್‌ಬ್ಯಾಕ್‌ನೊಳಗಿಂದಲೇ ನೇರವಾಗಿ ಲಾಗ್‌ಗೆ ಬರೆಯುತ್ತಿದ್ದೆ. ಆ ಸಿ ಪ್ರೋಗ್ರಾಮಿಗೆ ಸಿ ಪ್ಲಸ್ ಪ್ಲಸ್‌ನ ಒಂದು ಪ್ಲಗಿನ್ ಅಂಟಿಕೊಂಡಿತ್ತು. ಒಂದು ರಾತ್ರಿ ಅದರ ಥ್ರೆಡ್ ನಮ್ಮ ಲಾಗ್‌ನ ಲಾಕ್ ಹಿಡಿದುಕೊಂಡೇ ಎಕ್ಸೆಪ್ಶನ್ ಎಸೆಯಿತು. ಹಳೆಯ ಜಿಲಿಬ್‌ಸಿಯಲ್ಲಿ ಎಕ್ಸೆಪ್ಶನ್ ಬಿಚ್ಚುವ ಕೋಡ್ ಕೂಡ ಇದೇ ಫಂಕ್ಷನ್ನನ್ನು ಕರೆಯುತ್ತದೆ. ನನ್ನ ಥ್ರೆಡ್ ಲೋಡರ್ ಲಾಕ್ ಹಿಡಿದು ಲಾಗ್ ಲಾಕ್‌ಗೆ ಕಾಯುತ್ತಿತ್ತು, ಪ್ಲಗಿನ್‌ನ ಥ್ರೆಡ್ ಲಾಗ್ ಲಾಕ್ ಹಿಡಿದು ಲೋಡರ್ ಲಾಕ್‌ಗೆ ಕಾಯುತ್ತಿತ್ತು. ಸರ್ವರ್ ಸತ್ತಿದ್ದರೆ ತಾನಾಗಿಯೇ ಮತ್ತೆ ಏಳುತ್ತಿತ್ತು. ಸಾಯದೆ ಬೆಳಗಿನವರೆಗೆ ಹಾಗೆಯೇ ಕುಳಿತಿತ್ತು. ಅಂದಿನಿಂದ ಕಾಲ್‌ಬ್ಯಾಕ್‌ನಲ್ಲಿ ಹೆಸರು ಮತ್ತು ವಿಳಾಸವನ್ನು ನನ್ನದೇ ಅರೇಗೆ ನಕಲು ಮಾಡಿಕೊಂಡು, ಹೊರಬಂದ ಮೇಲೆ ಬರೆಯುತ್ತೇನೆ. ಹೆಸರಿನ ಪಾಯಿಂಟರ್ ಅನ್ನಷ್ಟೇ ಇಟ್ಟುಕೊಂಡರೆ, ಲೈಬ್ರರಿ ಹೋದ ಮೇಲೆ ಅದನ್ನು ನಂಬುವಂತಿಲ್ಲ ಎಂಬುದೂ ನಕಲು ಮಾಡಲು ಒಂದು ಕಾರಣ. 2022ರ ಜಿಲಿಬ್‌ಸಿ 2.35ರಲ್ಲಿ ಎಕ್ಸೆಪ್ಶನ್‌ಗಳಿಗೆಂದೇ ‘_ಡಿಎಲ್_ಫೈಂಡ್_ಆಬ್ಜೆಕ್ಟ್’ ಎಂಬ ಬೇರೆ ದಾರಿ ಬಂದಿದೆ, ಆದರೂ ನಾನು ಅಭ್ಯಾಸ ಬಿಟ್ಟಿಲ್ಲ.

ಇದು ತನ್ನ ಪ್ರೋಗ್ರಾಮನ್ನು ಮಾತ್ರ ನೋಡಬಲ್ಲದು. ಬೇರೆ ಪ್ರೋಗ್ರಾಮಿನೊಳಗೆ ಇಣುಕಲು ಜಿಲಿಬ್‌ಸಿಯೇ ‘ಪಿಎಲ್‌ಡಿಡಿ’ ಎಂಬ ಕಮಾಂಡ್ ಕೊಡುತ್ತದೆ. ಪ್ರೋಸೆಸ್ ಸಂಖ್ಯೆ ಕೊಟ್ಟರೆ ಅಚ್ಚುಕಟ್ಟಾದ ಪಟ್ಟಿ. ಆದರೆ ಅದು ಡೀಬಗರ್‌ಗಳು ಬಳಸುವ ಪಿಟ್ರೇಸ್ ಮೂಲಕ ಆ ಪ್ರೋಗ್ರಾಮನ್ನು ಕ್ಷಣಕಾಲ ನಿಲ್ಲಿಸುತ್ತದೆ, ಉಬುಂಟುವಿನಲ್ಲಿ ನಮ್ಮದೇ ಪ್ರೋಗ್ರಾಂ ಆದರೂ ಸಾಮಾನ್ಯವಾಗಿ ಸುಡೋ ಬೇಡುತ್ತದೆ, ಮತ್ತು 2.19ರಿಂದ 2.29ರವರೆಗಿನ ಆವೃತ್ತಿಗಳಲ್ಲಿ ಕೆಟ್ಟಿತ್ತು: ಓಡಿಸಿದರೆ ಉತ್ತರವೇ ಇಲ್ಲದೆ ನಿಂತುಬಿಡುತ್ತಿತ್ತು. 2.30ರಲ್ಲಿ ಸರಿಯಾಯಿತು. ಗ್ರಾಹಕರು ಬಳಸುತ್ತಿರುವ ಸರ್ವರ್‌ನಲ್ಲಿ ನಾನು ಅದನ್ನು ಮುಟ್ಟುವುದಿಲ್ಲ. ಅಲ್ಲಿ ಮ್ಯಾಪ್ಸ್ ಫೈಲನ್ನು ಗ್ರೆಪ್ ಮಾಡುವುದೇ ವಾಸಿ.