ಡಿಸ್ಕ್ ಇಲ್ಲದ ಕಂಪ್ಯೂಟರಿಗೆ ರೂಟ್: ಎನ್‌ಎಫ್‌ಎಸ್ಸೋ, ಐಎಸ್‌ಸಿಎಸ್‌ಐಯೋ?

ಡಿಸ್ಕ್ ಇಲ್ಲದ ಯಂತ್ರ ತನ್ನ ರೂಟ್ ಅನ್ನು (ಸಿಸ್ಟಂ ಫೈಲುಗಳಿರುವ ಮೂಲ ಫೈಲ್‌ಸಿಸ್ಟಂ) ನೆಟ್‌ವರ್ಕ್ ಮೂಲಕ ಸರ್ವರ್‌ನಿಂದ ಪಡೆಯಬೇಕು; ಎನ್‌ಎಫ್‌ಎಸ್, ಐಎಸ್‌ಸಿಎಸ್‌ಐ ಅದಕ್ಕಿರುವ ಎರಡು ದಾರಿಗಳು. ಬೂಟ್ ಆಗುವುದರ ಮೊದಲರ್ಧ ಎರಡಕ್ಕೂ ಹೆಚ್ಚುಕಮ್ಮಿ ಒಂದೇ: ಡಿಎಚ್‌ಸಿಪಿ ನೆಟ್‌ವರ್ಕ್ ವಿಳಾಸ ಕೊಡುತ್ತದೆ, ಟಿಎಫ್‌ಟಿಪಿ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತಂದಿಳಿಸುತ್ತದೆ. ದಾರಿ ಕವಲೊಡೆಯುವುದು ರೂಟ್ ಮೌಂಟ್ ಮಾಡುವಾಗ, ಅಂದರೆ ಬಳಕೆಗೆ ಜೋಡಿಸಿಕೊಳ್ಳುವಾಗ.

ಎನ್‌ಎಫ್‌ಎಸ್ ಹಂಚುವುದು ಫೈಲುಗಳನ್ನು. ಯಂತ್ರ 30 ಇದ್ದರೂ ಸರ್ವರ್‌ನಲ್ಲಿ ಒಂದೇ ಫೋಲ್ಡರ್ ಸಾಕು. ಅದನ್ನು ಓದಲಷ್ಟೇ ಬಿಟ್ಟು, ಮೇಲೆ ಓವರ್‌ಲೇಎಫ್‌ಎಸ್ (ಫೈಲ್‌ಸಿಸ್ಟಂ ಮೇಲೆ ಇನ್ನೊಂದು ಪದರ ಸೇರಿಸುವ ವ್ಯವಸ್ಥೆ) ಹೊದಿಸಿ, ಬರೆಯುವುದನ್ನೆಲ್ಲ ರ‍್ಯಾಮಿಗೆ ತಿರುಗಿಸಿದರಾಯಿತು. ಯಾರು ಏನು ಕೆಡಿಸಿದರೂ ರೀಬೂಟ್ ಮಾಡಿದರೆ ಮೊದಲಿನಂತೆ. ಅಪ್‌ಡೇಟ್ ಕೂಡ ಒಂದೇ ಸಲ.

ಐಎಸ್‌ಸಿಎಸ್‌ಐ ಕೊಡುವುದು ಬ್ಲಾಕ್‌ಗಳನ್ನು, ಅಂದರೆ ಡಿಸ್ಕಿನ ಕಚ್ಚಾ ತುಣುಕುಗಳನ್ನು. ಯಂತ್ರಕ್ಕೆ ಅದು ಸ್ವಂತ ಡಿಸ್ಕಿನಂತೆಯೇ ಕಾಣುತ್ತದೆ. ವಿಂಡೋಸ್ ಬೇಕಿದ್ದರೆ ಇದೇ ಸರಿ. ಆದರೆ ಯಂತ್ರಕ್ಕೊಂದು ಲನ್ (ಸರ್ವರ್ ಡಿಸ್ಕಿನಂತೆ ತೋರಿಸುವ ಪ್ರತ್ಯೇಕ ಭಾಗ) ಬೇಕು. ಇಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಂ) ಇರುವ ಒಂದೇ ಲನ್ನಿಗೆ ಇಬ್ಬರು ಬರೆದರೆ ಫೈಲ್‌ಸಿಸ್ಟಂ ಚಿಂದಿ (ಮಾಡಿ ನೋಡಿದ್ದೇನೆ, ನೀವು ಬೇಡ).

ಕೇಬಲ್ ಕಿತ್ತರೆ ಎರಡೂ ಕಲ್ಲಿನಂತೆ ನಿಲ್ಲುತ್ತವೆ. ಹಾರ್ಡ್ ಮೌಂಟ್ ಮಾಡಿದ (ಸರ್ವರ್ ಉತ್ತರಿಸುವವರೆಗೂ ಬಿಡದೆ ಕಾಯುವ) ಎನ್‌ಎಫ್‌ಎಸ್ ನೆಟ್‌ವರ್ಕ್ ಮರಳಿದಾಗ ತಾನೇ ಮುಂದುವರಿಯುತ್ತದೆ. ಐಎಸ್‌ಸಿಎಸ್‌ಐ ಟೈಮ್‌ಔಟ್ (ಕಾಯುವ ಮಿತಿ) ದಾಟಿದರೆ ರೂಟ್ ರೀಡ್‌ಓನ್ಲಿ ಆಗಿಬಿಡಬಹುದು. ಲ್ಯಾಬ್‌ಗಾದರೆ ನನ್ನ ಮತ ಎನ್‌ಎಫ್‌ಎಸ್‌ಗೆ.